ಕರೆದರೆ ಏಳುವ ರೊಟ್ಟಿಯಂತ್ರ

ಹುಬ್ಬಳ್ಳಿ
ಫೆಬ್ರವರಿ 30, 2291

ಪೂಜ್ಯ ಪೂರ್ವಜರಿಗೆ ಚನ್ನವೀರ ಹೂಲಿಯ ನಮಸ್ಕಾರಗಳು.

ಮೊದಲು ತಪ್ಪೊಪ್ಪಿಗೆ. ನಾನು ಅಪರಾಧಿ. ಇದನ್ನು ಬರೆಯುತ್ತಿರುವಾಗ ನನ್ನ ಪಕ್ಕದಲ್ಲಿ ಒಂದು ಪುಟ್ಟ ಕೆಂಪು ದೀಪ ಯಾರಿಗೂ ಉಪಕಾರವಿಲ್ಲದೆ ಉರಿಯುತ್ತಿದೆ. ನಿಮ್ಮ ಮನೆಗಳಲ್ಲಿ ಟೀವಿ ಆರಿದ ಮೇಲೂ ಇಂಥದೊಂದು ಆರದೆ ಉಳಿಯುತ್ತಿತ್ತಂತೆ. ನಿಮ್ಮೊಡನೆ ಮಾತಾಡುವಾಗ ನಿಮ್ಮ ವಾತಾವರಣ ಇರಲಿ ಎಂದು ಹಚ್ಚಿಕೊಂಡೆ. ಸಿಕ್ಕಿಬಿದ್ದರೆ ದಂಡ ಖಚಿತ.

ತಾರೀಖು ಕಂಡು ಗಾಬರಿಯಾಗಬೇಡಿ. ಫೆಬ್ರವರಿ ಬಡವಾಗಿದೆಯೆಂದು ನಾವೇ ಎರಡು ದಿನ ದಾನ ಮಾಡಿದೆವು. ಮಾತುಗಳು ವಿಚಿತ್ರವೆನಿಸಿದರೂ ಕ್ಷಮೆಯಿರಲಿ. ‘ತೂಕಡಿಕೆ ಕರೆಂಟು’ ಎಂದರೆ, ಯಂತ್ರವೊಂದು ಕೆಲಸ ಮುಗಿಸಿ ಮಲಗಿದಂತೆ ನಟಿಸುತ್ತ ಕದ್ದು ನುಂಗುವ ವಿದ್ಯುತ್ತಿನ ತುತ್ತು; ನೀವು ಸ್ಟ್ಯಾಂಡ್‌ಬೈ ಎನ್ನುತ್ತಿದ್ದುದು. ಒಂದು ಮನೆಯ ತುತ್ತು ಸಣ್ಣದು, ಊರಿನದೆಲ್ಲ ಕೂಡಿದರೆ ಮದುವೆ ಊಟ. ಆದ್ದರಿಂದ ನಮ್ಮಲ್ಲಿ ಪ್ರತಿ ಯಂತ್ರಕ್ಕೂ ‘ಕುಂಭಕರ್ಣ ಮುದ್ರೆ’ ಕಡ್ಡಾಯ: ಮಲಗಿದರೆ ಪೂರ್ತಿ ಮಲಗಬೇಕು. ಮುದ್ರೆಯಿಲ್ಲದ ಯಂತ್ರ ಇಟ್ಟುಕೊಂಡ ಅಂಗಡಿಗೆ ಬೀಗ. ಅರ್ಧ ವ್ಯಾಟಿಗೂ ಪೂರ್ತಿ ಏಟು.

ನನ್ನ ಹೆಂಡತಿ ಶಿವಲೀಲಾ ಖಾನಾವಳಿ ನಡೆಸುತ್ತಾಳೆ. ಅವಳಿಗಾಗಿ ನಾನೇ ಒಂದು ರೊಟ್ಟಿಯಂತ್ರ ಕಟ್ಟಿದೆ. ಜೋಳದ ಹಿಟ್ಟು ನಾದಿ, ಬಡಿದು, ಸುಟ್ಟು, ಬಿಸಿಬಿಸಿ ನೀಡುತ್ತದೆ. ನಮ್ಮ ಕಾಲದಲ್ಲಿ ಯಂತ್ರಗಳಿಗೆ ಗುಂಡಿಯಿಲ್ಲ. ಒತ್ತುವುದು ಅಸಭ್ಯ, ಬಾಯಿತುಂಬ ಕರೆಯಬೇಕು. “ಬಾರವ್ವಾ” ಅಂದರೆ ಇದು ಏಳುತ್ತದೆ. ತೊಡಕೂ ಅಲ್ಲೇ. ಕರೆ ಕೇಳಬೇಕಾದರೆ ಕಿವಿ ಎಚ್ಚರವಿರಬೇಕು, ಎಚ್ಚರವಿದ್ದ ಕಿವಿಗೆ ಕರೆಂಟು ಬೇಕು.

ತಪಾಸಣೆಗೆ ಬಂದವರು ನಿದ್ರಾಧಿಕಾರಿ ಹಸೀನಾ ನದಾಫ್. ಯಂತ್ರಕ್ಕೆ ಮೀಟರು ಸಿಕ್ಕಿಸಿ, ಹೊರಗೆ ಬಾಗಿಲಿಗೆ ಹೋಗಿ ನಿಂತು, ಎಲ್ಲರೂ ಸುಮ್ಮನಿರಬೇಕೆಂದು ಬೆರಳು ತುಟಿಗಿಟ್ಟರು. ಆದರೆ ಮನೆ ಬಾಗಿಲಲ್ಲಿ ನಿಂತ ಮಗಳ ವಯಸ್ಸಿನ ಹೆಣ್ಣುಮಗಳನ್ನು ಒಳಗೆ ಕರೆಯದೆ ಇರುವುದು ಶಿವಲೀಲೆಯ ರಕ್ತದಲ್ಲಿಲ್ಲ.

“ಹೊರಗ್ಯಾಕ ನಿಂತಿ? ಬಾರವ್ವಾ, ಕುಂದ್ರವ್ವಾ!”

ಯಂತ್ರ ಎದ್ದಿತು. ಟಪಟಪ ಬಡಿಯತೊಡಗಿತು.

“ಅಕ್ಕಾರ, ಮಲಗೈತಿ ಅಂದ್ರಿ, ಇದು ರೊಟ್ಟಿ ಬಡ್ಯಾಕತ್ತೈತಲ್ರೀ!”

“ನಿದ್ದಿಗಣ್ಣಾಗ ಹಂಗ ಮಾಡ್ತೈತವ್ವಾ. ನಮ್ಮನಿಯವರೂ ಹಂಗ.”

ಹಸೀನಾ ನಕ್ಕರು, ಬಿಡಲಿಲ್ಲ. “ಸೋಮವಾರ ಬರ್ತೇನ್ರಿ. ಅವತ್ತೂ ಹಿಂಗ ಕಿವಿ ನಿಮಿರ್ಸಿಕೊಂಡು ಕುಂತಿದ್ರ ಖಾನಾವಳಿಗೆ ಬೀಗಾನ.”

ಬೀಗ ಬಿದ್ದರೆ ದಿನವೂ ಉಣ್ಣಲು ಬರುವವರಿಗೆ ಹಸಿವು, ನಮಗೆ ಉಪವಾಸ, ನನಗೆ ಮೇಲಾಗಿ ಮಂಗಳಾರತಿ. ನಾನು ಯೋಚಿಸಿದೆ, ಬಿಚ್ಚಿದೆ, ಜೋಡಿಸಿದೆ. ಸೋಮವಾರ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಶಿವಲೀಲಾ “ಬಾರವ್ವಾ” ಎಂದಳು. ಯಂತ್ರ ಎದ್ದು ರೊಟ್ಟಿ ಕೊಟ್ಟಿತು. ಹಸೀನಾ ಕಣ್ಣರಳಿಸಿ ಮುದ್ರೆ ಒತ್ತಿದರು, ಎಣ್ಣೆಗಾಯಿ ಜೊತೆ ರೊಟ್ಟಿ ತಿಂದು ಹೋದರು. ತೂಕಡಿಸದೆ ಮಲಗಿ, ಕರೆದೊಡನೆ ಏಳುವ ಯಂತ್ರ! ದೊಡ್ಡ ದೊಡ್ಡ ಪ್ರಯೋಗಶಾಲೆಗಳಿಗೆ ಆಗದ್ದು ಹಿಟ್ಟಿನ ಕೋಣೆಯಲ್ಲಿ ಆಯಿತೆಂದು ಓಣಿಯವರು ನನಗೆ ಶಾಲು ಹೊದಿಸಿದರು. ಹೊದ್ದುಕೊಂಡೆ.

ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮ ಗೋಡೆಗಳಲ್ಲಿ ಪ್ರತಿ ಪ್ಲಗ್ಗಿನ ಪಕ್ಕದಲ್ಲೂ ಒಂದು ಸ್ವಿಚ್ಚು ಇರುತ್ತಿತ್ತಂತೆ. ರಿಮೋಟಿನಿಂದ ಟೀವಿ ಆರಿಸಿ, ಆ ಸ್ವಿಚ್ಚನ್ನು ಹಾಗೇ ಬಿಟ್ಟು ಮಲಗುತ್ತಿದ್ದಿರಂತೆ. ದಯವಿಟ್ಟು ಎದ್ದು ಹೋಗಿ ಅದನ್ನೂ ಆರಿಸಿ. ಅಂಥ ಬುದ್ಧಿವಂತ ವಸ್ತುವನ್ನು ಹಳತೆಂದು ನಾವು ಗೋಡೆಯಿಂದ ಕಿತ್ತುಹಾಕಿದೆವು. ಈಗ ಒಂದು ಸಿಕ್ಕರೆ ಕಣ್ಣಿಗೊತ್ತಿಕೊಂಡೇನು.

ಏಕೆಂದರೆ, ಹಸೀನಾ ಅವರ ಕಿವಿಗೆ ಬೀಳದಿರಲಿ, ಯಂತ್ರದ ಕಿವಿಯನ್ನು ನಾನು ಕಿತ್ತೇಬಿಟ್ಟಿದ್ದೇನೆ. ಅದರ ಹಿಂದೆ ಹಿಟ್ಟಿನ ಚೀಲಗಳ ನಡುವೆ ಅಡಗಿ ಕುಳಿತು, ಶಿವಲೀಲಾ ಕರೆದಾಗಲೆಲ್ಲ ತಂತಿಗೆ ತಂತಿ ಮುಟ್ಟಿಸುವವನು ನಾನೇ. ಈ ಕಾಗದ ಬರೆಯುತ್ತಿರುವುದೂ ಅಲ್ಲಿಂದಲೇ. ನಿನ್ನೆ ಊಟದ ಹೊತ್ತಿನಲ್ಲಿ ಅಲ್ಲೇ ಬಿಸಿ ರೊಟ್ಟಿ ತಿಂದು ನಾನೇ ತೂಕಡಿಸಿಬಿಟ್ಟೆ. ಮೂರು ಸಲ ಕರೆದರೂ ರೊಟ್ಟಿ ಬರಲಿಲ್ಲವೆಂದು ಶಿವಲೀಲಾ ಹಿಂದೆ ಬಂದು ನೋಡಿದಳು.

“ನಿಮಗಿಂತ ಆ ಯಂತ್ರನ ಚಲೋ ಇತ್ತಲ್ರೀ,” ಎಂದಳು. “ಕುಂತಲ್ಲೇ ಇಷ್ಟ ರೊಟ್ಟಿ ತಿಂತಿರಲಿಲ್ಲ, ಕರದ್ರ ಏಳತಿತ್ತು.”