ಸೂಜಿ ಬಸುರು

ನಾಗಮಂಗಲ
12-8-2024

ಪೂಜ್ಯ ಅತ್ತೆಯವರಿಗೆ ಸೊಸೆ ಹೇಮಶ್ರೀಯ ನಮಸ್ಕಾರಗಳು.

ಪಾಂಡವಪುರದಲ್ಲಿ ಮಗಳ ಮನೆಯಲ್ಲಿ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಮಂಡಿನೋವು ಹೇಗಿದೆ? ನಾಲೆಯ ತಂಪಿಗೆ ಅಲ್ಲಿ ನೋವು ಜಾಸ್ತಿ ಎನ್ನುತ್ತಿದ್ದಿರಿ. ಎಣ್ಣೆ ಕಾಯಿಸಿ ತಿಕ್ಕಲು ಅರ್ಪಿತಳಿಗೆ ಹೇಳಿ, ಇಲ್ಲಿ ಆ ಕೆಲಸ ನನ್ನದಾಗಿತ್ತು. ಫೋನು ಮಾಡಿದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನಿಮಗೆ ಓದು ಬಾರದು, ಮಗಳೇ ಓದಿ ಹೇಳಬೇಕು. ಜಗುಲಿ ಮೇಲೆ ಕೂತು ಗಟ್ಟಿಯಾಗಿ ಓದಮ್ಮ ಅರ್ಪಿತ, ನಿನ್ನ ಅತ್ತೆಯೂ ಕೇಳಿಸಿಕೊಳ್ಳಲಿ.

ಮೈಸೂರಿನ ಡಾಕ್ಟರು ಪ್ರನಾಳ ಶಿಶುವಿನ ಚಿಕಿತ್ಸೆಯಲ್ಲಿ ಅಂಡಗಳು ಬೆಳೆಯಲೆಂದು ನನಗೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟಾಗ ಹೊಕ್ಕುಳ ಪಕ್ಕದ ಚರ್ಮ ಹಿಡಿದು ನಾನೇ ದಿನಾ ಚುಚ್ಚಿಕೊಂಡೆ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟಿದ್ದ ಔಷಧಿಯನ್ನು ಮೈಲಿಗೆಯೆಂದು ನೀವು ಬಿಸಿಲಿಗೆ ಇಟ್ಟಿರಿ, ಅದು ಕೆಟ್ಟಿತು, ನಾನು ಮತ್ತೆ ಮೈಸೂರಿನ ಬಸ್ಸು ಹತ್ತಿದೆ. ತಲೆ ಸಿಡಿಯುತ್ತಿತ್ತು. ಮೈಯೊಳಗೆ ಒಲೆ ಹಚ್ಚಿದ ಹಾಗೆ ಕಾವು. ಮುದ್ದೆ ತೊಳಸುತ್ತಾ ಸುಮ್ಮಸುಮ್ಮನೆ ಅಳು ಬರುತ್ತಿತ್ತು, ಅತ್ತು ಮುಗಿಯುವ ಹೊತ್ತಿಗೆ ಯಾರ ಮೇಲೋ ಸಿಟ್ಟು. ಇದೆಲ್ಲ ಔಷಧಿಯಿಂದ, ನಿಲ್ಲಿಸಿದರೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನಿಮಗೂ ಹೇಳಿದ್ದೆ. ನೀವು ಹಾಲಿನ ಡೈರಿಯ ಮುಂದೆ ನಿಂತು "ನಮ್ ಸೊಸೆಗೆ ತಲೆ ಕೆಟ್ಟೋಗದೆ ಕಣವ್ವ" ಎಂದಿರಿ.

ಅರ್ಪಿತಳ ಮಗಳ ನಾಮಕರಣದ ಹೊತ್ತಿಗೆ ಹೊಟ್ಟೆ ಎಷ್ಟು ಉಬ್ಬಿತ್ತೆಂದರೆ ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ. ಯಾರೋ ಅಜ್ಜಿ ಅಕ್ಕರೆಯಿಂದ "ಎಷ್ಟು ತಿಂಗ್ಳವ್ವ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀವು "ಅದು ಸೂಜಿ ಬಸ್ರು ಕಣವ್ವ, ಒಳ್ಗೇನೂ ಇಲ್ಲ" ಎಂದಿರಿ. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ನೀನೂ ನಕ್ಕೆ ಅರ್ಪಿತ. ಓದುತ್ತಾ ನಿಲ್ಲಬೇಡ, ಮುಂದೆ ಓದು.

ಅಂಡ ತೆಗೆದ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿ ಉಸಿರು ಕಟ್ಟಿತು, ಆಸ್ಪತ್ರೆಗೆ ಸೇರಿಸಿದರು. ನಿಮ್ಮ ಮಗ ಫೋನು ಮಾಡಿದಾಗ "ನಾಟ್ಕ ಆಡ್ತಾವ್ಳೆ, ಬುಡ್ಲಾ" ಎಂದಿರಿ. ನನ್ನ ಹೊಟ್ಟೆಯಿಂದ ನೀರು ತೆಗೆಯುತ್ತಿದ್ದ ವಾರದಲ್ಲೇ ನಿಮ್ಮ ತಮ್ಮ ಬೋರಯ್ಯನವರನ್ನು ಕರೆದುಕೊಂಡು ಶೀಳನೆರೆಗೆ ಹೋಗಿ ಮಗನಿಗೆ ಎರಡನೇ ಹೆಣ್ಣು ನೋಡಿ ಬಂದಿರಿ. ನನ್ನ ತವರು ಸಿಂಧಘಟ್ಟ ಎಂಬುದನ್ನು ಮರೆತಿರೇನೋ. ಒಂದೇ ತಾಲೂಕು, ಸುದ್ದಿ ನಮ್ಮವ್ವನ ಕಿವಿಗೆ ಬೀಳಲು ಎಷ್ಟು ಹೊತ್ತು? ಅದಕ್ಕಿಂತ ನೋವಾದದ್ದು, ನಿಮ್ಮ ಮಗನಿಗೆ ಇದು ಮೊದಲೇ ಗೊತ್ತಿದ್ದದ್ದು. ಗೊತ್ತಿದ್ದೂ ನನ್ನ ಮಂಚದ ಪಕ್ಕ ಕಿತ್ತಳೆ ಸುಲಿಯುತ್ತಾ ಕೂತಿದ್ದರು.

ಮದುವೆಯಾದ ಮರುವರ್ಷವೇ ಡಾಕ್ಟರು ಕೊರತೆ ಗಂಡನದು ಎಂದಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರು ನನ್ನ ಕೈ ಹಿಡಿದು "ಅವ್ವಂಗೆ ಏಳ್ಬ್ಯಾಡ ಕಣೆ" ಎಂದರು. ನಾನು ಹೇಳಲಿಲ್ಲ. ಬಂಜೆ ಎನ್ನಿಸಿಕೊಂಡೆ, ಅಂಡ ನನ್ನದೇ ತೆಗೆಯಬೇಕೆಂದು ಸೂಜಿ ಚುಚ್ಚಿಕೊಂಡೆ. ಶೀಳನೆರೆಯ ಸುದ್ದಿ ಕೇಳಿದ ದಿನ ಆ ಮಾತಿನ ಋಣ ತೀರಿತು.

ಆಸ್ಪತ್ರೆಯಿಂದ ಬಂದವಳು ಮೈಯಲ್ಲಿ ತ್ರಾಣ ಬಂದ ಕೂಡಲೇ ಆ ಹೆಣ್ಣಿನ ಮನೆಗೆ ಹೋದೆ. ಹುಡುಗಿಯ ತಾಯಿ ಅಣ್ಣಮ್ಮ ಮಜ್ಜಿಗೆ ತಂದುಕೊಟ್ಟರು. ನಾನು ಚೈತನ್ಯ ಅವರ ಹೆಂಡತಿ, ಬದುಕಿದ್ದೇನೆ ಎಂದೆ. ನೀವು ಅವರಿಗೆ ಸೊಸೆ ಹುಚ್ಚಿಯಾಗಿ ತವರು ಸೇರಿದ್ದಾಳೆ ಎಂದಿದ್ದಿರಂತೆ. ಸೆರಗು ಸರಿಸಿ ಹೊಟ್ಟೆಯ ಮೇಲಿನ ನೀಲಿ ಕಲೆಗಳನ್ನು ತೋರಿಸಿದೆ, ಯಾವುದನ್ನೂ ಮುಚ್ಚಿಡದೆ ಹೇಳಿದೆ. ಅಣ್ಣಮ್ಮ ತಾವೇ ನನ್ನ ಸೆರಗು ಸರಿಮಾಡಿದರು. ಆಮೇಲೆ "ಕೊರ್ತೆ ಅವುಂದು, ಸೂಜಿ ನಿಂಗಾ? ಆ ಯಮ್ಮ ಇನ್ನೊಂದ್ಸಲ ನಮ್ ಬೀದಿಗೆ ಬರ್ಲಿ, ನೋಡ್ಕತೀನಿ" ಎಂದರು. ಹುಡುಗಿ ಕಾಲೇಜಿಗೆ ಹೋಗುವವಳು, ಅವಳಿಗೆ ಈ ವಿಷಯವೇ ತಿಳಿದಿರಲಿಲ್ಲ. ಬಸ್ಸಿನವರೆಗೂ ಬಂದು ನನ್ನ ಚೀಲ ಹಿಡಿದು ನಿಂತಳು. ಈಗ ಅಣ್ಣಮ್ಮ ಹೋದ ಮದುವೆ ಮನೆಗಳಲ್ಲೆಲ್ಲ ಇದೇ ಮಾತಂತೆ. ನೀವು ಪಾಂಡವಪುರ ಬಿಟ್ಟು ಕದಲದೆ ಇರುವುದು ಏಕೆಂದು ನನಗೆ ಗೊತ್ತು. ಹೆಣ್ಣಾದವಳು ಇಂಥದ್ದಕ್ಕೆ ಸಂಕಟಪಡಬೇಕೇನೋ. ನನಗೆ ಹೊಟ್ಟೆ ತಣ್ಣಗಾಗಿದೆ.

ಅಳಿಯಂದಿರಿಗೂ ಬೀಗಿತ್ತಿಗೂ ನಮಸ್ಕಾರ ತಿಳಿಸಿ. ಪುಟ್ಟ ಕೂಸಿಗೆ ನನ್ನ ಮುತ್ತು, ಅದರದ್ದೇನೂ ತಪ್ಪಿಲ್ಲ.

ಇನ್ನೂ ನಿಮ್ಮ ಸೊಸೆಯಾಗಿಯೇ ಇರುವ,
ಹೇಮಶ್ರೀ

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ತೆಗೆದ ಅಂಡಗಳು ಫಲಿಸಲಿಲ್ಲ. ಗಂಡನ ಕೊರತೆ ಸರಿಹೋಗದೆ ಮತ್ತೆ ಅಂಡ ತೆಗೆಯುವುದು ಬೇಡವೆಂದು ಡಾಕ್ಟರು ನಿಮ್ಮ ಮಗನಿಗೇ ಹಾರ್ಮೋನ್ ಇಂಜೆಕ್ಷನ್ ಬರೆದಿದ್ದಾರೆ, ತಿಂಗಳುಗಟ್ಟಲೆ ನಡೆಯಬೇಕು. ಆಗಲೇ ಎದೆ ನೋವು, ಅಂಗಿ ತಗುಲಿದರೂ ಉರಿ ಎನ್ನುತ್ತಾರೆ. ನಿನ್ನೆ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಅತ್ತರು. ತಾವೇ ಚುಚ್ಚಿಕೊಳ್ಳಲು ಅವರಿಗೆ ಧೈರ್ಯವಿಲ್ಲ, ಹಾಗಾಗಿ ಚುಚ್ಚುವವಳು ನಾನು. ಅವರು ಕಣ್ಣು ಮುಚ್ಚಿ "ಅವ್ವಾ" ಎನ್ನುತ್ತಾರೆ. ನಾನು ಅವಸರ ಮಾಡುವುದಿಲ್ಲ.