ತಡವಾಗಿ ಬರುವ ಅಕ್ಷರ

ಮಾರ್ಚ್ 3, ಸೋಮವಾರ

ಮತ್ತೆ ಅದೇ ಡಿಸ್ಕ್ ಹಾಕಿದೆ. ಭಾವಮೈದ ಮನೆ ಬದಲಾಯಿಸುವಾಗ ಒಂದು ಡಬ್ಬಿ ತುಂಬ ಜಪಾನಿ ಕತ್ತಿ ಸಿನಿಮಾ ಕೊಟ್ಟುಹೋಗಿದ್ದ. ಸಮುರಾಯ್‌ಗಳು. ಎಲ್ಲ ಕಪ್ಪು-ಬಿಳುಪು. ಇಬ್ಬರು ಎದುರುಬದುರು ನಿಂತಿದ್ದರು. ನಿಂತೇ ಇದ್ದರು. ಒಬ್ಬನ ಹೆಬ್ಬೆರಳು ಕತ್ತಿಯನ್ನು ಒರೆಯಿಂದ ಕೂದಲೆಳೆಯಷ್ಟು ತಳ್ಳಿತು... ಅಲ್ಲೇ ರಿಮೋಟ್ ಒತ್ತಿ ನಿಲ್ಲಿಸಿದೆ. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ. ಥಿಯೇಟರಿನಲ್ಲಿ ಈ ಸುಖ ಇಲ್ಲ. ಮನೆಯಲ್ಲಿ ಕತ್ತಿ ನನ್ನ ಮಾತು ಕೇಳುತ್ತದೆ.

ಹೆಂಡತಿ ಡ್ಯೂಟಿ ಮುಗಿಸಿ ಬಂದಳು.

"ಏನ್ರೀ, ಇವರು ಹೊಡೆದಾಡ್ತಾರೋ, ಇಲ್ಲ ಹೀಗೇ ನಿಂತಿದ್ದು ಮನೆಗೆ ಹೋಗ್ತಾರೋ?"

ನಕ್ಕೆ. ಅವಳು ಯೂನಿಫಾರ್ಮಿನ ಗಡಿಯಾರ ಬಿಚ್ಚುತ್ತ ಹೇಳಿದಳು. "ನನ್ನನ್ನ ಡಯಾಲಿಸಿಸ್ ವಾರ್ಡಿಗೆ ಇನ್‌ಚಾರ್ಜ್ ಮಾಡ್ತಾರಂತೆ. ಬೇರೆ ಊರಿನ ಆಸ್ಪತ್ರೇಲಿ. ಎರಡು ವರ್ಷ. ಹದಿನಾಲ್ಕನೇ ತಾರೀಕಿನೊಳಗೆ ಹೂಂ ಅಥವಾ ಊಹೂಂ ಹೇಳ್ಬೇಕು. ಏನಂತೀರಿ?"

"ನಿನ್ನಿಷ್ಟ," ಅಂದೆ. ಕಣ್ಣು ಟೀವಿ ಮೇಲೇ ಇತ್ತು.

ಒಳಗೆ ಹೋದಳು. ಪಾತ್ರೆಗಳ ಸದ್ದು ಜೋರಾಯಿತು. ನಾನೇನು ತಪ್ಪು ಹೇಳಿದೆ? ಅವಳ ಕೆಲಸ, ಅವಳ ಇಷ್ಟ.

ಮಾರ್ಚ್ 5

ಮನೆಯಲ್ಲಿ ಮಾತಿಲ್ಲ. "ಊಟ ಆಯ್ತಾ", "ಗ್ಯಾಸ್ ಮುಗಿದಿದೆ"— ಅದನ್ನು ಮಾತು ಅನ್ನುವುದಾದರೆ ಇದೆ.

ಟೈಲರ್ ಅಂಗಡಿಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಟ್ಟೆಯ ಮೇಲೆ ಚಾಕ್ ಗೆರೆ ಎಳೆದೆ, ಒರೆಸಿದೆ, ಮತ್ತೆ ಎಳೆದೆ. ಕೂತರೂ ಪಾದ ಕುಣಿಸುವವನು ನಾನು. ಅಮ್ಮ ಬೈದು ಬೈದು ಸುಸ್ತಾಗಿದ್ದಳು. ಆ ಸಮುರಾಯ್‌ಗಳನ್ನು ನೋಡುವಾಗ ಮಾತ್ರ ಪಾದ ಸುಮ್ಮನಿರುತ್ತದೆ. ಯಾಕೋ ತಿಳಿಯದು. ಕತ್ತಿ ಹೊರಗೆ ಬಂತು ಅಂದರೆ ಮುಗಿಯಿತು ಅಂತ ಅವರಿಗೆ ಗೊತ್ತು, ಅದಕ್ಕೇ ಅಷ್ಟು ಹೊತ್ತು ನಿಲ್ಲುತ್ತಾರೆ. ನನ್ನ ಕತ್ತರಿಯೂ ಹಾಗೇ. ಒಮ್ಮೆ ಹಾಕಿದ ಮೇಲೆ ಬಟ್ಟೆ ಕೂಡುವುದಿಲ್ಲ.

ನಾಲಿಗೆಗೆ ಮಾತ್ರ ಆ ಬುದ್ಧಿ ಇಲ್ಲ.

ಮಾರ್ಚ್ 8, ಶನಿವಾರ

ಇವತ್ತು ಪಕ್ಕದಲ್ಲೇ ಬಂದು ಕೂತಳು! ಬಟಾಣಿ ಬಿಡಿಸಲು ಬೆಳಕು ಬೇಕಂತೆ. ಅಡುಗೆಮನೆಯಲ್ಲಿ ಬೇಕಾದಷ್ಟು ಬೆಳಕಿದೆ. ನಾನು ಸರಿದು ಜಾಗ ಕೊಟ್ಟೆ.

ಈ ಡಿಸ್ಕ್ ಕೆಟ್ಟಿದೆ. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಮಾತಿಗಿಂತ ಹಿಂದೆ ಬೀಳುತ್ತದೆ. ಮುದುಕ ಏನೋ ಕೂಗಿದ. ಎದುರಿನವನು ಕತ್ತಿ ಬೀಸಿದ. ಮುದುಕ ಮಣ್ಣಿಗೆ ಬಿದ್ದ, ಗಾಳಿ ಬೀಸಿತು, ಎಲ್ಲ ಶಾಂತ. ಆಗ ಕೆಳಗೆ ಅಕ್ಷರ— ತಡೆ, ತಪ್ಪು ನನ್ನದು.

ಅವಳು ಬಟಾಣಿ ಚೆಲ್ಲುವ ಹಾಗೆ ನಕ್ಕಳು. "ಸತ್ಮೇಲೆ ಬಂತಲ್ರೀ ಮಾತು!"

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ದಿನವಾಗಿತ್ತು, ಹಾಗೆ ಒಟ್ಟಿಗೆ ನಕ್ಕು. ಅವಳೇ ಮೊದಲು ನಿಲ್ಲಿಸಿದಳು.

"ಕೆಲವರ ಡಿಸ್ಕೇ ಹಾಗೆ," ಅಂದಳು. ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನನ್ನ ಪಾದ ಮತ್ತೆ ಕುಣಿಯತೊಡಗಿತು.

ಮಾರ್ಚ್ 11

ಮಾನ ಹೋಯಿತು. ಗಿರಾಕಿಯೊಬ್ಬರ ಕೋಟಿಗೆ ಎರಡೂ ಎಡಗೈ ತೋಳು ಕತ್ತರಿಸಿಟ್ಟಿದ್ದೇನೆ. ಕೆಲಸ ಕಲಿಯುವಾಗಲೂ ಹೀಗೆ ಮಾಡಿರಲಿಲ್ಲ.

ಓನರ್ ಎರಡನ್ನೂ ಎತ್ತಿ ಹಿಡಿದು ನೋಡಿದರು. "ಮಾಸ್ಟರೇ, ಎರಡು ಎಡಗೈ ಇರೋ ಗಿರಾಕಿ ಯಾರಪ್ಪ? ಮನೇಲಿ ಎಲ್ಲ ಸರಿ ಇದೆಯಾ?"

ಹೇಳಿಬಿಟ್ಟೆ. ಅವರು ಹಣೆ ಚಚ್ಚಿಕೊಂಡರು. "ನಿನ್ನಿಷ್ಟ ಅಂದ್ರಾ? ಅಯ್ಯೋ ಮಾರಾಯ! ಹಾಗಂದ್ರೆ ಏನಾದ್ರೂ ಮಾಡ್ಕೊಂಡು ಸಾಯಿ ಅಂತ ಅಲ್ವೇನ್ರೀ?"

ಅಲ್ಲ, ನಾನು ಹಾಗಲ್ಲ... ಆದರೆ ನಾನು ಓದು ಬಿಡುತ್ತೇನೆ ಅಂದಾಗ ಅಪ್ಪ ಹೇಳಿದ್ದೂ ಇದೇ 'ನಿನ್ನಿಷ್ಟ'. ಹೇಳಿ ಬೆನ್ನು ತಿರುಗಿಸಿದ್ದರು. ಅದರ ಅರ್ಥ ಆಗ ಚೆನ್ನಾಗಿಯೇ ಗೊತ್ತಾಗಿತ್ತು ನನಗೆ.

ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಅವಳು ಹೋಗುವುದು ನನಗೆ ಬೇಡ. ಮನೆಯಲ್ಲಿ ಅವಳ ಚಪ್ಪಲಿ ಇಲ್ಲದ ಬಾಗಿಲು ನೆನೆದರೆ ಭಯ. ಅವಳಿಗೆ ಆ ಕೆಲಸ ಎಷ್ಟು ಬೇಕು ಅಂತಲೂ ಗೊತ್ತು. ಹೋಗಬೇಡ ಅನ್ನಲು ಬಾಯಿ ಬಾರದು, ಹೋಗು ಅನ್ನಲು ಮನಸ್ಸು ಬಾರದು. ಎರಡರ ನಡುವೆ ಸಿಕ್ಕಿದ ಪದ ಅದು.

ನಾಳೆ ಹೇಳುತ್ತೇನೆ.

ಮಾರ್ಚ್ 14, ಶುಕ್ರವಾರ, ಸಂಜೆ

ನಾಳೆ, ನಾಳೆ ಅಂತ ಇವತ್ತಾಯಿತು. ಟೀವಿ ಹಾಕಲಿಲ್ಲ. ಬಾಗಿಲಲ್ಲೇ ಕಾದೆ. ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ನೀನಿಲ್ದೆ ನನಗಾಗಲ್ಲ ಕಣೇ. ಅವತ್ತು ಅದನ್ನೇ ಹೇಳ್ಬೇಕಿತ್ತು."

ಅವಳು ಒಂದು ಚಪ್ಪಲಿ ಬಿಟ್ಟು, ಇನ್ನೊಂದರಲ್ಲೇ ನಿಂತಳು. "ಬೆಳಿಗ್ಗೇನೇ ಹೂಂ ಅಂದ್ಬಿಟ್ಟೆ ಕಣ್ರೀ."

"ಸತ್ಮೇಲೆ ಬಂತು ಮಾತು," ಅಂದೆ.

ನಗಲಿಲ್ಲ. ಕಣ್ಣು ತುಂಬಿತ್ತು. ನನ್ನದೂ. ಏನು ಮಾಡಲಿ ತಿಳಿಯದೆ ಕೇಳಿದೆ. "ಆ ಊರಲ್ಲೂ ಜನ ಬಟ್ಟೆ ಹಾಕ್ಕೋತಾರಲ್ವಾ? ಕಟಿಂಗ್ ಮಾಸ್ಟರ್ ಬೇಕಾಗಬಹುದು. ನಾನೂ ಬರ್ಲಾ?"

ನೋಡಿದಳು. ಇನ್ನೊಂದು ಚಪ್ಪಲಿಯನ್ನೂ ಬಿಟ್ಟಳು. ಆಮೇಲೆ—

"ನಿಮ್ಮಿಷ್ಟ."

ಒಳಗೆ ಹೋದಳು.

ಪಾತ್ರೆ ಸದ್ದಿಗೆ ಕಿವಿಗೊಟ್ಟು ಕೂತಿದ್ದೇನೆ. ಸದ್ದಿಲ್ಲ. ಇದು ಯಾವ ನಿಮ್ಮಿಷ್ಟ? ನನ್ನದಾ, ಅಪ್ಪನದಾ? ಹಿಂದಕ್ಕೆ ತಿರುಗಿಸಿ ಅವಳ ಮುಖ ನೋಡೋಣ ಅಂದರೆ ಇದಕ್ಕೆ ರಿಮೋಟ್ ಇಲ್ಲ. ಕೇಳಿಯೇ ತಿಳಿಯಬೇಕು.

ಅಡುಗೆಮನೆ ಬಾಗಿಲಿಗೆ ಬಂದಿದ್ದಾಳೆ. ನಿಂತಿದ್ದಾಳೆ. ನಿಂತೇ ಇದ್ದಾಳೆ. ಈ ಸಲ ಮೊದಲು ನಾನೇ—