ನನ್ನ ತಲೆಗೆ ನಿನ್ನ ಹೂಂ

ಸ್ಟೇಶನ್ ಬಜಾರ, ಕಲಬುರ್ಗಿ
೧೨ ಜೂನ್ ೧೯೨೬

ಕಮಲಾಪುರದಲ್ಲಿರುವ ಅವ್ವ ಭಾಗಮ್ಮನಿಗೆ ಮಗಳು ದುಂಡಮ್ಮ ಮಾಡುವ ಶರಣು.

ಅಕ್ಷರ ಸೊಟ್ಟಗಿವೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಪ್ಪ ನಮ್ಮಿಬ್ಬರಿಗೂ ಓದು ಕಲಿಸಿದ್ದು ಒಳ್ಳೆಯದಾಯಿತು. ಇದನ್ನು ಬೇರೆ ಯಾರೂ ನಿನಗೆ ಓದಿ ಹೇಳಬೇಕಿಲ್ಲ.

ಉರುಸಿಗೆ ಮಸ್ತಾನಬಿ ಬಂದಿದ್ದಳು. ಹೋದ ವರ್ಷ ಹೈದರಾಬಾದಿನ ದವಾಖಾನೆಯಲ್ಲಿ ನನ್ನ ತಲೆ ಕೊಯ್ದ ಗಾಯ ತೊಳೆದು ಗಂಜಿ ಕುಡಿಸಿದ ಆಯಾ. ಅವಳ ತವರು ಇಲ್ಲೇ ರೋಜಾ ಓಣಿಯ ದರ್ಗಾದ ಹತ್ತಿರ. ಮನೆಗೆ ಬಂದು ನನ್ನ ಬಲಗೈ ಎತ್ತಿ ನೋಡಿದಳು. ಬಿಟ್ಟೊಡನೆ ಅದು ಬಿದ್ದುಹೋಯಿತು. ಕಣ್ಣೊರೆಸಿಕೊಂಡು, "ಡಾಕ್ಟರ್ ಸಾಹೇಬ್ರು ಮೊದಲೇ ಹೇಳಿದ್ರಲ್ಲರೀ, ಕೈ ಹೋಗಬಹುದು, ಮಾತು ಹೋಗಬಹುದು, ಜೀವಾನೂ ಹೋಗಬಹುದು ಅಂತ. ಅವರ ಉರ್ದು ನಿಮ್ಮವ್ವಗ ನಾನೇ ಕನ್ನಡದಾಗ ತಿಳಿಸೀನಿ. ಮಗಳಿಗಿ ನಾನೇ ಹೇಳ್ತೀನಿ ಅಂದ್ರು" ಎಂದಳು. ನೀನು ಹೇಳಿಲ್ಲವೆಂದು ಪಾಪ ಅವಳಿಗೇನು ಗೊತ್ತು.

ಆ ದಿನ ನೀನು ಒಳಗೆ ಬಂದು ನನಗೆ ಹೇಳಿದ್ದೇ ಬೇರೆ. "ಸಣ್ಣಾಕಿದ್ದಾಗ ಮಾಳಿಗಿ ಮ್ಯಾಲಿಂದ ಬಿದ್ದಿದ್ದಿ ನೋಡು, ಆಗ ಒಳಗ ಒತ್ತಿದ ಎಲುಬಿನ ಚೂರು ತೆಗೀತಾರ, ಮೂರ್ಛಿ ನಿಲ್ಲತದ, ಅಷ್ಟ. ಕೂದಲಾ ಮತ್ತ ಬರ್ತಾವ" ಎಂದೆ. ನಾನು ಕೂದಲಿಗಾಗಿ ಅತ್ತೆ. ನೀನು ತಲೆ ನೇವರಿಸಿದೆ.

ಯಾಕೆ ಹಾಗೆ ಮಾಡಿದೆ ಎಂಬುದು ನನಗೆ ತಿಳಿಯದ್ದೇನಲ್ಲ. ಹಕೀಮರ ಪುಡಿ, ದವಾಖಾನೆಯ ಉಪ್ಪುಪ್ಪು ಔಷಧ, ಯಾವುದಕ್ಕೂ ನನ್ನ ಮೂರ್ಛೆರೋಗ ಬಗ್ಗಲಿಲ್ಲ. ಒಮ್ಮೆ ಒಲೆಯ ಮೇಲೇ ಬಿದ್ದೆ. ನನ್ನನ್ನು ತವರಿಗೆ ಕಳಿಸಿಬಿಡುವ ಮಾತು ಅತ್ತೆ ಆಡುತ್ತಿದ್ದರು. ಹಾಲು ಕುಡಿಸುವಾಗಲೂ ಒಬ್ಬರು ಪಕ್ಕದಲ್ಲಿ ಕೂತು ಕೂಸನ್ನು ಹಿಡಿದಿರುತ್ತಿದ್ದರು. ಅದನ್ನು ನಾನೊಬ್ಬಳೇ ಎತ್ತಿಕೊಂಡು ಅಂಗಳ ತಿರುಗುವುದಕ್ಕಾಗಿ ಏನು ಬೇಕಾದರೂ ಕೊಡುತ್ತಿದ್ದೆ. ಸಾಯಬಹುದು ಎಂದಿದ್ದರೂ ಹೂಂ ಎನ್ನುತ್ತಿದ್ದೆ. ಆ ಹೂಂ ನನ್ನದಾಗಿರುತ್ತಿತ್ತು. ಅದನ್ನು ನನ್ನ ಬಾಯಿಂದ ಕಸಿದು ನೀನೇ ಅಂದುಬಿಟ್ಟೆ.

ಎಚ್ಚರವಾದಾಗ ಕೈ ನನ್ನದಾಗಿರಲಿಲ್ಲ. ನೀರು ಕೇಳಲು ಹೋದರೆ ಬಾಯಿಗೆ "ಬಾಗಿಲು" ಎಂದು ಬಂತು. "ದೇವರು ಹಿಂಗ ಮಾಡ್ತಾನಂತ ಯಾರಿಗಿ ಗೊತ್ತಿತ್ತವ್ವ!" ಎಂದು ನೀನು ಎದೆ ಬಡಿದುಕೊಂಡೆ. ವರ್ಷವಿಡೀ ನಾನು ದೇವರ ಮೇಲೆ ಮುನಿಸಿಕೊಂಡಿದ್ದೆ. ಕೆಂಪು ಬಾಳೆಹಣ್ಣು ಹೊತ್ತುಕೊಂಡು ನೀನು ಬಂದು ಅತ್ತಾಗಲೆಲ್ಲ ನಾನೇ ನಿನ್ನನ್ನು ಸಮಾಧಾನ ಮಾಡುತ್ತಿದ್ದೆ.

ಮಾತು ಮೆಲ್ಲಗೆ ಮರಳಿತು. ಮೂರ್ಛೆ ನಿಂತಿತೆಂದು ಅತ್ತೆ ಈಗ ಕೂಸನ್ನು ಕೊಡುತ್ತಾರೆ. ಅದು ಎರಡೂ ಕೈ ಚಾಚಿಕೊಂಡು ಬರುತ್ತದೆ. ಒಂದೇ ಕೈಯಲ್ಲಿ ಎತ್ತಲಾರದೆ ನಾನು ನೆಲದ ಮೇಲೆ ಕೂತು ಕರೆಯುತ್ತೇನೆ.

ಶ್ರಾವಣಕ್ಕೆ ಬಂದು ಕರೆದೊಯ್ಯುತ್ತೇನೆಂದು ಹೇಳಿಕಳಿಸಿದ್ದೀಯ. ಬರಬೇಡ. ನಿನ್ನ ಮುಖ ನೋಡಿದರೆ ಮತ್ತೆ ನಂಬಿಬಿಡುತ್ತೇನೆ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದ
ದುಂಡಮ್ಮ

ತಾ.ಕ.: ಕಾಗದ ಮಡಚಿಟ್ಟು ಮತ್ತೆ ಬಿಚ್ಚಿದೆ. ಮೊನ್ನೆ ಸೋಮವಾರ ಜೋಳ ಹಸನು ಮಾಡುತ್ತಿದ್ದಾಗ ಸತ್ತ ಕೈಯ ಹೆಬ್ಬೆರಳು ಅಲುಗಿತು. ಜೀವ ಬಂತೆಂದು ಒಂದು ಗಳಿಗೆ ಹಿಗ್ಗಿದೆ. ಆಮೇಲೆ ಇಡೀ ಕೈ ಸೆಳೆಯಿತು, ಮುಖವೂ ಸೊಟ್ಟಗಾಯಿತು. ಕಣ್ಣು ಬಿಟ್ಟಾಗ ಜೋಳದಲ್ಲಿ ಬಿದ್ದಿದ್ದೆ. ಯಾರೂ ನೋಡಿಲ್ಲ. ತಿಳಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆ. ಅದನ್ನು ಹತ್ತಿರ ಕರೆಯಲು ಈಗ ನನಗೇ ಅಂಜಿಕೆ. ನಿನ್ನನ್ನು ಬಿಟ್ಟರೆ ಯಾರಿಗೂ ಹೇಳಿಲ್ಲ. ಬೇಗ ಬಾ, ಅವ್ವ.